ಬಿಸಿಲಿಗಿಟ್ಟ ಬಾವಿ ನೀರು

ಗೊಬ್ಬೂರಿನ ಬುರಾನುದ್ದೀನ ಬೆನ್ನಿಗೆ ಪಂಪು ಕಟ್ಟಿಕೊಂಡು ಊರವರ ತೊಗರಿಗೆಲ್ಲ ಹುಳು ಸಾಯುವ ಎಣ್ಣೆ ಹೊಡೆಯುತ್ತಿದ್ದ. ಹುಳುಗಳು ಅವನಿಗೆ ಅಂಜುತ್ತಿದ್ದವೋ ಏನೋ, ಹೆಂಡತಿ ಸರ್ವರಬೇಗಂ ಅಂತೂ ಅಂಜುತ್ತಿರಲಿಲ್ಲ. ಕುಡಿಯುವ ನೀರನ್ನು ಮೂರು ಪದರ ಬಟ್ಟೆಯಲ್ಲಿ ಸೋಸಿ ಮುಚ್ಚಿಡುವ ಹೆಂಗಸು. ಗಂಡ ಕೈ ತೊಳೆಯದೆ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು.

೧೯೮೬ರ ಮಳೆಗಾಲದ ಕೊನೆಗೆ ಅವನು ಪಂಪನ್ನು ಮನೆಯ ಹಿಂದಿನ ಬಾವಿಯ ಮೆಟ್ಟಿಲ ಮೇಲೆ ತೊಳೆದ. ಹತ್ತಿರವಿತ್ತು, ಅಷ್ಟೆ. ಮರುದಿನ ಕಪ್ಪೆಗಳು ಸತ್ತು ತೇಲಿದವು.

“ಈ ನೀರು ಕುಡಿಯೋಹಂಗ ಆದ ದಿನ ಬಂದು ಕರೀರಿ” ಎಂದು ಸರ್ವರಬೇಗಂ ಜೇವರ್ಗಿಯ ಅಣ್ಣನ ಮನೆಗೆ ಹೋದಳು.

ಈಗ ಕೈ ತೊಳೆಯೆನ್ನುವವರಿರಲಿಲ್ಲ. ಆದರೂ ತೊಳೆದು, ಬಾಗಿಲಲ್ಲಿ ಒಂದು ಗಳಿಗೆ ನಿಂತೇ ಒಳಗೆ ಹೋಗುತ್ತಿದ್ದ. ಜೇವರ್ಗಿ ಕಡೆಯವರು ಇಳಿಯುವ ಗುಲಬರ್ಗಾ ಬಸ್ಸು ಬರುವ ಹೊತ್ತಿಗೆ ಬೀಡಿ ಕೊಳ್ಳಲು ಅಂಗಡಿಗೆ ಹೋಗುತ್ತಿದ್ದ. ಬೀಡಿ ಸೇದುವ ಚಟ ಅವನಿಗಿರಲಿಲ್ಲ. ಬಾವಿಗೆ ಕಸ ಬೀಳದಂತೆ ತಗಡು ಹೊಚ್ಚಿ ಕಲ್ಲು ಹೇರಿದ. ಅವಳಿಂದ ಅವನು ಕಲಿತದ್ದು ಅದೊಂದೇ: ನೀರು ಮುಚ್ಚಿಡಬೇಕು.

ವರ್ಷ ಕಳೆದ ಮೇಲೆ ಕೃಷಿ ಸಹಾಯಕ ನಾಗಣ್ಣ ಬಂದು ಆ ತಗಡು ಎತ್ತಿ ನೋಡಿದ.

“ವಿಷಕ್ಕ ನೆರಳು ಮಾಡಿ ಸಾಕಾಕತ್ತೀರಲ್ರಿ. ನೀವು ಹೊಡೆಯೋ ಎಣ್ಣಿ ಬಿಸಿಲಿಗೆ ಮುರೀತದ. ನೀರಾಗ ಕೊಳೆತ ಗೊಬ್ಬರದ ಮಣ್ಣಿನ ಕಂದು ರಸ ಇದ್ರ ಇನ್ನೂ ಲಗೂನ ಮುರೀತದ. ಆ ಕಂದು ಬಿಸಿಲು ಹಿಡಿದು ವಿಷ ಒಡೀತದ. ಎಲ್ಲಾ ಎಣ್ಣಿಗೂ ಹಿಂಗ ಅಂತ ಹೇಳಾಕ ಬರಂಗಿಲ್ಲ ಮತ್ತ.”

“ನೀರು ಹೊಲಸು ಮಾಡಿದ್ರ ಚೊಕ್ಕ ಆಗ್ತದಂತೀರೇನ್ರಿ?”

“ಹೊಲಸು ಮಾಡೋದು ನಿಮಗ ಬರ್ತದಲ್ರಿ.”

ನೆರೆಯ ಚಂದ್ರಾಮಪ್ಪ ಗಾಣ ನಿಲ್ಲಿಸಿದ್ದ. ಬೆಲ್ಲ ಕಾಸುವ ಅಗಲ ಕಡಾಯಿಗಳು ಅಂಗಳದಲ್ಲಿ ಸುಮ್ಮನೆ ಬಿದ್ದಿದ್ದವು. ಬೇಸಿಗೆಯುದ್ದಕ್ಕೂ ಬುರಾನುದ್ದೀನ ಬಾವಿ ಸೇದಿ ಅವನ್ನು ತುಂಬಿದ. ತಿಪ್ಪೆಯ ತಳದ ಮಣ್ಣು ನೆನೆಸಿದ ಚಹಾ ಬಣ್ಣದ ನೀರು ಬೆರೆಸಿದ. ವಾರಗಟ್ಟಲೆ ಬಿಸಿಲಿಗೆ ಬಿಟ್ಟು, ದೂರದ ಬೀಳು ನೆಲಕ್ಕೆ ಸುರಿದು, ಮತ್ತೆ ತುಂಬಿದ.

“ಬೆಲ್ಲ ಯಾವಾಗ ಇಳಸ್ತೀಯಲೇ ಬುರಾನ?” ಎಂದ ಚಂದ್ರಾಮಪ್ಪ.

“ಪಾಕ ಬರಲಿ ಗೌಡ್ರ. ಜೇವರ್ಗಿಗೆ ಒಯ್ಯೋದದ.”

ಬಾವಿಯ ತಳ ಕಂಡಿತು. ಮಳೆ ಬಿದ್ದು ಹೊಸ ಊಟೆಯ ನೀರು ಬಂತು. ನಾಗಣ್ಣ ಎರಡು ಸಲ ಬಾಟಲಿ ತುಂಬಿ ಪರೀಕ್ಷೆಗೆ ಕಳಿಸಿದ; ಎರಡು ಸಲವೂ ಕುಡಿಯಬಹುದೆಂದು ಚೀಟಿ ಬಂತು. ಬುರಾನುದ್ದೀನ ಒಂದು ಕೊಡ ನೀರನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಬಸ್ಸು ಬದಲಿಸಿ ಜೇವರ್ಗಿಗೆ ಹೋದ.

ಸರ್ವರಬೇಗಂ ಕೊಡದ ಬಟ್ಟೆ ಸರಿಸಿದಳು. “ಹೆಂಗ ಚೊಕ್ಕ ಮಾಡಿದ್ರಿ?”

ಸುಳ್ಳು ಹೇಳಬಹುದಿತ್ತು. “ತಿಪ್ಪಿ ಮಣ್ಣು ಬೆರೆಸಿ, ಮುಚ್ಚದಂಗ ಬಿಸಿಲಿಗೆ ಇಟ್ಟಿದ್ದೆ” ಎಂದ.

ಅವಳು ಅವನ ಉಗುರುಗಳನ್ನು ನೋಡಿದಳು. “ನೀವು ಕುಡಿದೀರೇನು?”

“ಇಲ್ಲ. ಮೊದಲು ನೀನು ಅಂತ.”

“ಭಾಳ ಪ್ರೀತಿರಿ ನಿಮ್ದು. ನೀವ ಕುಡೀರಿ. ಮೂರು ದಿನ ಇಲ್ಲೇ ಇರ್ರಿ, ಏನಾಗ್ತದ ನೋಡಿ, ಆಮ್ಯಾಲ ನಾ ಬರೋ ಮಾತು ಆಡೂಣು.”

ಅವನು ಒಂದು ಗಲಾಸು ಕುಡಿದ. ಸುಮಾರು ಎರಡು ವರ್ಷದಿಂದ ಕಿವಿಗೆ ಬೀಳದ ಬಳೆಸದ್ದು ಒಲೆಯ ಕಡೆಯಿಂದ ಬರುತ್ತಿತ್ತು. ಒಂದು ಗಲಾಸಿಗೆ ಮೂರು ದಿನವಾದರೆ ಇಡೀ ಕೊಡಕ್ಕೆ ಎಷ್ಟು, ಎಂದು ಮನಸ್ಸಿನಲ್ಲೇ ಗುಣಿಸಿ, ಕೊಡವನ್ನು ಹತ್ತಿರ ಎಳೆದುಕೊಂಡ.