ರಬ್ಬಿಯಪ್ಪನ ಬಾಗಿಲಿನ ಬರಹ

ಮೆಂಡೆಲ್ ಅವರ ಬಾಗಿಲ ಮೇಲೆ ಕೆಮ್ಮಣ್ಣಿನಲ್ಲಿ ನಂಬರ್ ಬರೆದವಳು ನಾನೇ. ೧೯೬೦ರಲ್ಲಿ ಜನಗಣತಿಗೆಂದು ಸಿದ್ದಾಪುರದ ಮನೆಗಳಿಗೆ ನಂಬರ್ ಹಾಕುವ ಡ್ಯೂಟಿ ಸ್ಕೂಲ್ ಟೀಚರಾದ ನನ್ನ ತಲೆಗೆ ಬಿದ್ದಿತ್ತು. ಈಗಲೂ ನೆನೆದರೆ ನನ್ನ ಕೈ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೆಂಡೆಲ್ ಯೆಹೂದಿಗಳ ಗುರು, ರಬ್ಬಿ. ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿ ಕಳೆದುಕೊಂಡು ಓಡಿಬಂದವರು. ನಮ್ಮ ಜನಕ್ಕೆ ಅವರು ರಬ್ಬಿಯಪ್ಪ. ಎಂಟು ವರ್ಷದಿಂದ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದರು. ಬೀದಿ ನಲ್ಲಿಯನ್ನು ಕೇರಿಯವರೂ ಮುಟ್ಟಬೇಕೆಂದು ತಾವೇ ಬಿಂದಿಗೆ ಹಿಡಿದು ಅವರ ಜೊತೆ ನಿಂತು ಬೈಸಿಕೊಂಡಿದ್ದರು. ಯಾರದಾದರೂ ಬಾಗಿಲಲ್ಲಿ 'ನಾಳೆ ಬಾ' ಎಂದು ಬರೆದಿದ್ದರೆ ಮಾತ್ರ ಕೆಂಡವಾಗುತ್ತಿದ್ದರು. ಬಾಗಿಲು ಬಡಿಯಲು ಬಂದ ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆಂದು ನಂಬಿಕೆ.

"ದೆವ್ವಕ್ಕೆ ಓದಕ್ಕೆ ಬರುತ್ತೆ, ನಿಮಗೆ ಬರಲ್ಲ! ನಾಚಿಕೆ ಇಲ್ವಾ?" ಎಂದು ಒರೆಸಿಬಿಡುತ್ತಿದ್ದರು.

ಇಂಥವರು ತಮ್ಮ ಬಾಗಿಲನ್ನು ಯಾರಾದರೂ ತಟ್ಟಿದರೆ ಬೆವರುತ್ತಿದ್ದರು. ನಾವು ಅದನ್ನು ತಮಾಷೆ ಮಾಡುತ್ತಿದ್ದೆವು, ಬುದ್ಧಿಯಿಲ್ಲದವರು.

ನಂಬರ್ ಹಾಕಿದ ಮರುದಿನ ಅವರ ಪಕ್ಕದ ಮನೆಯ, ಅವರಲ್ಲೇ ಅಕ್ಷರ ಕಲಿಯುತ್ತಿದ್ದ ಹೂವಿನ ಸಿದ್ದಗಂಗಮ್ಮ ಸ್ಕೂಲಿಗೇ ಓಡಿಬಂದಳು. "ಮೇಡಂ, ಅದೇನ್ ಬರೆದ್ರಿ? ರಬ್ಬಿಯಪ್ಪ ಊರು ಬಿಟ್ಟು ಹೊಂಟವ್ರೆ!"

ಅವಳ ಜೊತೆ ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ ಕುಳಿತಿದ್ದರು. ಅದರ ಪಟ್ಟಿಯನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿಯುತ್ತಿದ್ದರು.

"ನಮ್ಮೂರಲ್ಲೂ ಹೀಗೇ. ಮೊದಲು ಗುರುತು. ಆಮೇಲೆ ಎಣಿಕೆ. ಆಮೇಲೆ ಹೊತ್ತೊಯ್ಯಲು ಲಾರಿ."

"ಎಲ್ಲಾ ಮನೆಗೂ ಹಾಕಿದೀವಿ ಸಾರ್, ನಮ್ಮನೆಗೂ."

"ಅಲ್ಲೂ ಹಾಗೇ ಅಂದ್ರು."

ನನಗೂ ಭಯ ಹತ್ತಿತು. ಮುಂದೆ ಇದೇ ಬಾಗಿಲಿಗೆ ಬಂದು ಧರ್ಮ ಯಾವುದೆಂದು ಕೇಳಿ ಬರೆದುಕೊಳ್ಳಬೇಕಾದವಳೂ ನಾನೇ. ನಂಬರನ್ನು ಸೆರಗಿನಿಂದ ಉಜ್ಜಿದೆ. ಕೆಂಪು ಇನ್ನಷ್ಟು ಹರಡಿತು.

ಸಿದ್ದಗಂಗಮ್ಮ ರಬ್ಬಿಯಪ್ಪನ ಮೇಜಿನಿಂದ ಸೀಮೆಸುಣ್ಣ ತಂದು ನಂಬರಿನ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ನಾಳೆ ಬಾ.

"ಲಾರಿಯವ್ರೂ ಓದ್ಕೊಂಡು ವಾಪಸ್ ಹೋಗ್ಲಿ. ನೀವು ಪೆಟ್ಗೆ ಬಿಚ್ಚಿ."

ರಬ್ಬಿಯಪ್ಪ ಎದ್ದು ಬಂದರು. ಒರೆಸಿಯೇ ಬಿಡುತ್ತಾರೆಂದುಕೊಂಡೆ. ಅವಳಿಗೆ ಒಂದು ತಿಂಗಳು ತಿದ್ದಿಸಿದ್ದ ಅಕ್ಷರವನ್ನು ಬಹಳ ಹೊತ್ತು ನೋಡಿದರು.

"ಳ ಸರಿಯಾಗಿ ಬಂದಿದೆ" ಎಂದರು.

ಊರು ಬಿಡಲಿಲ್ಲ. ಇನ್ನೂ ಏಳು ವರ್ಷ, ಸಾಯುವವರೆಗೂ ಅಲ್ಲೇ ಪಾಠ ಹೇಳಿದರು. ಭಯವೂ ಹೋಗಲಿಲ್ಲ. ಆ ಬರಹ ಮಾಸಿದಾಗಲೆಲ್ಲ ತಾವೇ ತಿದ್ದುತ್ತಿದ್ದರು, ದಿನಾ ಬಾಗಿಲು ಹಾಕುವ ಮುಂಚೆ ಅದನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು.