ನೂರಾ ಹನ್ನೆರಡು ಸಲ

ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಅತ್ತೆಯವರನ್ನು ಫೋನಿನ ಬಗ್ಗೆ ಕೇಳಿದರೆ, "ಅದನ್ನ ನೋಡ್ತಾ ಕೂರೋಕೆ ನಂಗೆಲ್ಲಿ ಪುರುಸೊತ್ತು?" ಎಂದು ಮೂಗು ಮುರಿಯುವರು. ಏಳು ವರ್ಷದಿಂದ ಮಾತು ಬಿಟ್ಟ ತಂಗಿಯ ಹೆಸರೆತ್ತಿದರಂತೂ ಕತ್ತರಿಯ ಸದ್ದೇ ಜೋರಾಗುವುದು: "ಅವಳ ಮುಖ ಯಾರಿಗೆ ಬೇಕು!" ಮೊನ್ನೆ ನೆಂಟರಿಷ್ಟರೆಲ್ಲ ಫೋಟೋ ಹಾಕುವ ಆ್ಯಪ್ ಹೊಸ ರೂಪ ತಾಳಿ, ಪ್ರತಿ ಫೋಟೋದ ಕೆಳಗೂ ಯಾರು ಎಷ್ಟು ಸಲ ನೋಡಿದರೆಂದು ತೋರಿಸತೊಡಗಿತು. ತಂಗಿ ಮೊಮ್ಮಗಳನ್ನೆತ್ತಿಕೊಂಡ ಫೋಟೋದ ಕೆಳಗೆ ಮೊದಲ ಹೆಸರೇ ಅತ್ತೆಯದು, ನೂರಾ ಹನ್ನೆರಡು ಸಲ. ಸೊಸೆ ಅದನ್ನು ಓದಿ ಹೇಳಿದ್ದೇ ತಡ, ಅತ್ತೆಯ ತುಟಿಯಲ್ಲಿದ್ದ ಗುಂಡುಸೂಜಿಗಳೆಲ್ಲ ಮಡಿಲಿಗೆ ಬಿದ್ದವು. "ಅಯ್ಯೋ, ಇದು ಅವಳಿಗೂ ಕಾಣುತ್ತೇನೇ?" "ಎಲ್ಲರಿಗೂ ಕಾಣುತ್ತೆ ಅತ್ತೆ." ಅತ್ತೆ ಮಡಿಲಿನ ಸೂಜಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದರು. ಆಮೇಲೆ ದನಿ ತಗ್ಗಿಸಿ, "ನನ್ನ ಫೋಟೋದ ಕೆಳಗೂ ಸ್ವಲ್ಪ ನೋಡೇ, ಅವಳು ಬಂದಿದ್ದಾಳಾ?" ಎಂದರು.