ಮಡಿಕೆಗೆ ಬಗ್ಗದ ನೋಟು, ಪನ್ಯಾಂಗ್ ಹಾಕಿದ ಗಂಟು

ಬೆಳಗಿನ ಐದು ಗಂಟೆ. ಲೋಟದಲ್ಲಿನ ಕಡುಗಪ್ಪು ಕಾಫಿ ಆರಿ ತಣ್ಣಗಾಗಿದೆ, ಎಪಿಫಾನಿಯಾ ಮಗ್ಸಿನೊ ಅದನ್ನು ಮುಟ್ಟಿಲ್ಲ. ತೊಡೆಯ ಮೇಲೆ ಹಾಸಿಕೊಂಡ ಬಟ್ಟೆಯಲ್ಲಿ ನೂರು ಪೆಸೊಗಳ ನಲವತ್ತು ಹೊಸ ಪ್ಲಾಸ್ಟಿಕ್ ನೋಟುಗಳಿವೆ. ಒಂದನ್ನು ಬೀಸಣಿಗೆಯಂತೆ ಮಡಚಿ ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ. ಬೆರಳು ತೆಗೆದದ್ದೇ ತಡ, ನೋಟು ಚಟ್ಟನೆ ಬಿಚ್ಚಿಕೊಂಡು ನೆಲಕ್ಕೆ ಹಾರುತ್ತದೆ. "ನೋಡು ಇದರ ಕೊಬ್ಬು!" ಎಂದು ಬೈದು ಎತ್ತಿಕೊಳ್ಳುತ್ತಾರೆ. ಎದ್ದು ಬಾಗಿಲ ತನಕ ಹೋಗಿ ರಸ್ತೆ ನೋಡಿ ಬಂದು ಮತ್ತೆ ಕೂರುತ್ತಾರೆ. ಹತ್ತಕ್ಕೆ ಚರ್ಚಿನಲ್ಲಿ ಮದುವೆ, ಅಷ್ಟರೊಳಗೆ ಈ ನಲವತ್ತೂ ಮಾಲೆಯಾಗಬೇಕು.

ಬಟಾಂಗಾಸ್ ಸೀಮೆಯ ಈ ಊರಿಗೆಲ್ಲ ಅವರು ಆತೆ ಪನ್ಯಾಂಗ್, ಅಂದರೆ ಪನ್ಯಾಂಗಕ್ಕ. ವಯಸ್ಸು ಐವತ್ತೆಂಟು. ಜೀಪ್ನಿ ಬಸ್ಸು ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷ ನೋಟಿನ ಮಾಲೆ ಕಟ್ಟಿಯೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದಾರೆ. ಇಲ್ಲಿ ಮದುವೆಯೂಟ ಮುಗಿದ ಮೇಲೆ ವಧುವರರು ಕುಣಿಯಬೇಕು, ನೆಂಟರು ಒಬ್ಬೊಬ್ಬರಾಗಿ ಬಂದು ಅವರ ಬಟ್ಟೆಗೆ ನೋಟು ಸಿಕ್ಕಿಸಿ ಜತೆಗೆ ನಾಲ್ಕು ಹೆಜ್ಜೆ ಹಾಕಬೇಕು. ವಧುವಿನ ಕೊರಳ ಮಾಲೆ ಎಲ್ಲ ಫೋಟೊಗಳಲ್ಲೂ ಇರುತ್ತದೆ. ಕಟ್ಟಿದವರು ಒಂದರಲ್ಲೂ ಇರುವುದಿಲ್ಲ. ಒಂದು ಮಾಲೆಗೆ ಎಂಬತ್ತು ಗಂಟು, ಐದು ಗಂಟೆ ಕೂತ ಸೊಂಟ, ಆರು ನೂರು ಪೆಸೊ ಕೂಲಿ.

ಕಾಗದದ ನೋಟು ಹೇಳಿದ ಮಾತು ಕೇಳುತ್ತಿತ್ತು. ಒದ್ದೆ ಬಟ್ಟೆ ಹೊದಿಸಿ ಇಸ್ತ್ರಿ ಎಳೆದರೆ ಗರಿಗರಿಯಾಗಿ ದಳದಂತೆ ನಿಲ್ಲುತ್ತಿತ್ತು. ಅದೇ ರೂಢಿಯಲ್ಲಿ, ಕಳೆದ ತಿಂಗಳು ತಮ್ಮ ಕೈಗೆ ಬಂದ ಮೊದಲ ಪ್ಲಾಸ್ಟಿಕ್ ನೋಟಿಗೂ ಪನ್ಯಾಂಗ್ ಇಸ್ತ್ರಿ ಇಟ್ಟರು. ಕೆಂಡಕ್ಕೆ ಬಿದ್ದ ಹಪ್ಪಳದ ಹಾಗೆ ಅದು ಮುದುಡಿಕೊಂಡಿತು. ಪಕ್ಕದ ಮನೆಯ ಮೀನಿನ ವ್ಯಾಪಾರಿ ಬಸಿಲಿಯೊ ಬೇಲಿಯಾಚೆಯಿಂದಲೇ ಕಿಚಾಯಿಸಿದ: "ಆತೆ, ಇನ್ನೊಂಚೂರು ಕಾಯಿಸಿದ್ರೆ ನಾಣ್ಯಾನೇ ಆಗ್ತಿತ್ತಲ್ಲ!"

ಈಗ ನಗುವ ಹೊತ್ತಲ್ಲ. ವರನ ತಾಯಿ ಗ್ರಿಸೆಲ್ಡಾ ನಿನ್ನೆ ಸಂಜೆ ನೋಟಿನ ಕಟ್ಟು ಕೊಡುವಾಗಲೇ ಇನ್ನೊಂದು ಕೈಯಲ್ಲಿ ರಿಬ್ಬನ್ ಕಟ್ಟಿದ ಕ್ಯೂಆರ್ ಕಾರ್ಡ್ ಹಿಡಿದು ಬಂದಿದ್ದರು. "ಪಿನ್ನು ಚುಚ್ಚಂಗಿಲ್ಲ, ಅಂಟು ಹಚ್ಚಂಗಿಲ್ಲ. ಒಂದು ನೋಟು ಜಾರಿದ್ರೂ ಮಾಲೆ ತೆಗೆದಿಡ್ತೀನಿ ಆತೆ. ಕೂತಲ್ಲೇ ಎಲ್ಲಾರೂ ಸ್ಕ್ಯಾನ್ ಮಾಡ್ಲಿ."

"ಕೂತಲ್ಲೇ ಕೊಟ್ಟರೆ ಹುಡುಗಿ ಹತ್ರ ಯಾರು ಬರ್ತಾರೆ?" ಎಂದರು ಪನ್ಯಾಂಗ್.

"ದುಬೈಲಿರೋ ನನ್ನ ತಮ್ಮ ಏನು, ಒಂದು ನೋಟು ಸಿಕ್ಕಿಸೋಕೆ ವಿಮಾನ ಹತ್ತಿ ಬರ್ತಾನಾ?"

ಪನ್ಯಾಂಗ್ ನೋಟುಗಳನ್ನು ಎಣಿಸಿ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದರು. ಡಿಸೆಂಬರಿನಲ್ಲಿ ಗೊತ್ತಾಗಿರುವ ಮೂರು ಮದುವೆಗಳೂ ಗ್ರಿಸೆಲ್ಡಾರ ಬಳಗದವೇ. ಇವತ್ತಿನ ಮಾಲೆ ಬಿಚ್ಚಿಕೊಂಡರೆ ಆ ಮೂರೂ ಕೈತಪ್ಪುತ್ತವೆ. ಆಮೇಲೆ ಈ ಕಸುಬನ್ನು ಯಾರು ಕೇಳುತ್ತಾರೆ?

ಆರೂಕಾಲಿಗೆ ಮಡಚುವ ಹಟ ಬಿಡುತ್ತಾರೆ. ಅವರ ತಾಯಿ ತೆಂಗಿನ ಹಾಲಿನಲ್ಲಿ ಬೆಂದ ಅಂಟಕ್ಕಿಯ ಸುಮಾನ್ ಕಡುಬು ಮಾರುತ್ತಿದ್ದವರು, ಎಲೆಯಲ್ಲಿ ಸುತ್ತಿ ಗರಿಯೆಳೆಯಿಂದ ಬಿಗಿಯುತ್ತಿದ್ದವರು. ಪನ್ಯಾಂಗ್ ಈಗ ನೋಟನ್ನು ಸುಮಾನ್ ಥರವೇ ಸುರುಳಿ ಸುತ್ತುತ್ತಾರೆ. ನೂಲಿನ ಗಂಟು ಜಾರುತ್ತದೆ. ಒಣ ಗರಿಯೂ ಜಾರುತ್ತದೆ. ನೀರಲ್ಲಿ ನೆನೆಸಿದ ತಾಳೆಗರಿಯ ಎಳೆಯನ್ನು ಎರಡು ಸುತ್ತು ಬಳಸಿ ತುದಿಯನ್ನು ಒಳಗೆ ತೂರಿಸಿದಾಗ, ಒಣಗುತ್ತ ಒಣಗುತ್ತ ಅದೇ ಬಿಗಿದುಕೊಳ್ಳುತ್ತದೆ. "ನಮ್ಮವ್ವ ಮಾಡ್ತಿದ್ದಿದ್ದು ಇದನ್ನೇ. ಬೆಳಗ್ಗಿಂದ ಯಾಕೆ ಹೊಳೀಲಿಲ್ಲ ಅಂತೀನಿ!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಸುರುಳಿಗಳನ್ನು ಮಾಲೆಯ ಹಗ್ಗಕ್ಕೆ ಕಟ್ಟುತ್ತ, ಪ್ರತಿ ಸುರುಳಿಯ ಪಕ್ಕದಲ್ಲಿ ಒಂದು ಖಾಲಿ ಕುಣಿಕೆಯನ್ನೂ ಬಿಡುತ್ತಾರೆ, ಪಿನ್ನಿನ ಬದಲು ನೆಂಟರು ನೋಟು ತೂರಿಸಲಿ ಎಂದು.

ಒಂಬತ್ತೂಕಾಲಿಗೆ ಗ್ರಿಸೆಲ್ಡಾ ಬಂದು, ಒಗೆದ ಬಟ್ಟೆ ಕೊಡವುವಂತೆ ಮಾಲೆಯನ್ನು ನಾಲ್ಕು ಸಲ ಕೊಡವುತ್ತಾರೆ. ಪನ್ಯಾಂಗ್ ನೆಲವನ್ನೇ ನೋಡುತ್ತಾರೆ. ಏನೂ ಬೀಳುವುದಿಲ್ಲ. ಹೊಗಳಿಕೆಯೂ ಬರುವುದಿಲ್ಲ. "ಮಾಲೆ, ಕಾರ್ಡು ಎರಡೂ ಇರ್ಲಿ ಬಿಡಿ," ಎಂದು ಗ್ರಿಸೆಲ್ಡಾ ಕೂಲಿಯನ್ನು ಫೋನಿಗೇ ಕಳಿಸುತ್ತಾರೆ. ಪನ್ಯಾಂಗ್ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಹಾಗೇ ಚರ್ಚಿಗೆ ಹೊರಡುತ್ತಾರೆ.

ಊಟವಾಗಿ ಕುಣಿತ ಶುರುವಾದಾಗ ಅರ್ಧ ಜನ ಕುರ್ಚಿ ಬಿಟ್ಟು ಏಳುವುದಿಲ್ಲ. ಗ್ರಿಸೆಲ್ಡಾರ ಪರ್ಸಿನೊಳಗೆ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇದೆ. ಉಳಿದರ್ಧ ಸಾಲಿನಲ್ಲಿದೆ. ಸುರುಳಿ ಸುತ್ತಿ ಕುಣಿಕೆಗೆ ತೂರಿಸಲು ಪಿನ್ನಿಗಿಂತ ಹೆಚ್ಚು ಹೊತ್ತು ಬೇಕು. ಮುದುಕರು ತಡಕಾಡುತ್ತಾರೆ, ಮದುಮಗಳು ಜೆನಲಿನ್ ನಗುತ್ತ ಅವರ ಕೈ ಹಿಡಿದು ತೋರಿಸುತ್ತಾಳೆ. ಮಾತು ಬೆಳೆಯುತ್ತದೆ. ಕಂಬದ ಮರೆಯಲ್ಲಿ ನಿಂತ ಪನ್ಯಾಂಗ್‌ರ ಕಣ್ಣು ಮಾತ್ರ ಗಂಟುಗಳ ಮೇಲೇ ಇದೆ.

ಜೆನಲಿನ್ ಅವರನ್ನು ಕಂಡುಬಿಡುತ್ತಾಳೆ. "ಆತೆ, ಅಲ್ಲೇನು ಮಾಡ್ತಿದ್ದೀರಿ? ಬನ್ನಿ ಇಲ್ಲಿ!"

ಪನ್ಯಾಂಗ್ ಜೇಬಿಗೆ ಕೈ ಹಾಕುತ್ತಾರೆ. ಒಂದು ನೋಟೂ ಇಲ್ಲ, ಇರುವುದೆಲ್ಲ ಫೋನಿನಲ್ಲಿ. "ನನ್ನ ಹತ್ರ ಏನೂ ಇಲ್ಲ ಮಗಾ."

"ಯಾರು ಕೇಳಿದ್ರು ನಿಮ್ಮ ದುಡ್ಡು?" ಎಂದು ಹುಡುಗಿ ತಾನೇ ಬಂದು ಕೈ ಹಿಡಿದು ಎಳೆದೊಯ್ಯುತ್ತಾಳೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾದರೂ ಬಿಡುವುದಿಲ್ಲ.

ಸಂಜೆ, ಡಿಸೆಂಬರಿನ ಮೂರು ಮದುವೆಗೂ ಬಿಡುವು ಮಾಡಿಕೊಳ್ಳಿ ಎಂದು ಗ್ರಿಸೆಲ್ಡಾ ಹೇಳಿಕಳಿಸಿದ್ದಾರೆ. ಪನ್ಯಾಂಗ್ ಅದನ್ನು ಬೇಲಿಯಾಚೆ ನಿಂತ ಬಸಿಲಿಯೊಗೆ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಹೇಳಬೇಕಾದದ್ದು ಬೇರೆಯೇ ಇದೆ.

"ಆ ಸಾಲಲ್ಲಿ ಬರಿಗೈಲಿ ಹೋದೋಳು ನಾನೊಬ್ಬಳೇ," ಎನ್ನುತ್ತಾರೆ. "ಹುಡುಗಿ ಎಲ್ಲರಿಗಿಂತ ಜಾಸ್ತಿ ಹೊತ್ತು ಕುಣಿದಿದ್ದು ನನ್ನ ಜತೆಗೇ. ಬೇಕಾದ್ರೆ ಗ್ರಿಸೆಲ್ಡಾನ್ನೇ ಕೇಳು."